ಎರಡನೆಯ ನೀಲಾಂಜನೆ

ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳಿಗೆ ಪಂಪನ ‘ಆದಿಪುರಾಣ’ದ ನೀಲಾಂಜನೆಯ ನೃತ್ಯಪ್ರಸಂಗವನ್ನು ಹೊಸದಾಗಿ ಪರಿಚಯಿಸಬೇಕಾಗಿಲ್ಲ. ಪದವಿ ತರಗತಿಗಳ ಪಠ್ಯದಲ್ಲಿ ಅದು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಆದಿದೇವನ ವೈರಾಗ್ಯಕ್ಕೆ ಕಾರಣವಾದ ಸನ್ನಿವೇಶವನ್ನು ವಿವರಿಸಿರಿ ಎಂಬ ಪ್ರಶ್ನೆ ಪರೀಕ್ಷೆಯಲ್ಲಿಯೂ ತಪ್ಪದೆ ಬರುತ್ತದೆ. ಇಪ್ಪತ್ತೈದು ವರ್ಷಗಳಿಗೂ ಮೇಲ್ಪಟ್ಟು ನಾನು ಆ ಪ್ರಸಂಗವನ್ನು ಪಾಠ ಮಾಡಿದ್ದೇನೆ. ಆದರೂ ಅದರ ಒಂದು ಎಳೆ ನನಗೆ ಅರ್ಥವಾದದ್ದು ಸಂಗೀತ ಕಾರ್ಯಕ್ರಮವೊಂದರಲ್ಲಿ, ವಿದ್ಯಾರ್ಥಿ ದೆಸೆಯಿಂದಲೂ ನಾನು ಆರಾಧಿಸುತ್ತ ಬಂದ ಗಾಯಕರೊಬ್ಬರನ್ನು ಮೊದಲ ಬಾರಿಗೆ ಎದುರು ಕುಳಿತು ಕೇಳಿ, ಮನಸ್ಸು ಮುರಿದುಕೊಂಡು ಕಮಲಾಪುರಕ್ಕೆ ಹಿಂದಿರುಗಿದ ರಾತ್ರಿ. ಆ ನಿರಾಶೆಯ ಸ್ವರೂಪವೇನು, ಅದು ನ್ಯಾಯವಾದುದೇ, ಅದಕ್ಕೆ ಹೊಣೆ ಯಾರು ಎಂಬುದನ್ನು ನನಗಾಗಿಯೇ ಬಿಡಿಸಿಕೊಳ್ಳುವ ಪ್ರಯತ್ನ ಈ ಬರಹ.

ಮೊದಲು ಕಾವ್ಯಸಂದರ್ಭ. ಪಂಪ ಕ್ರಿ.ಶ. 941ರಲ್ಲಿ ರಚಿಸಿದ ಈ ಚಂಪೂಕಾವ್ಯಕ್ಕೆ ಜಿನಸೇನಾಚಾರ್ಯರ ಸಂಸ್ಕೃತ ‘ಪೂರ್ವಪುರಾಣ’ ಆಕರ. ಆದಿದೇವನ ಭೋಗಕಾಲ ಮುಗಿಯುತ್ತ ಬಂದರೂ ಅವನ ಚಿತ್ತವಿನ್ನೂ ತಪಸ್ಸಿನ ಕಡೆಗೆ ಹೊರಳಿಲ್ಲ. ಅವನನ್ನು ಎಚ್ಚರಿಸಬೇಕೆಂದು ದೇವೇಂದ್ರನು ಗಂಧರ್ವರನ್ನೂ ಅಪ್ಸರೆಯರನ್ನೂ ಕೂಡಿಕೊಂಡು ಅಯೋಧ್ಯೆಯ ಆಸ್ಥಾನಕ್ಕೆ ಬರುತ್ತಾನೆ. ನರ್ತನಕ್ಕೆ ಅವನು ಆರಿಸುವುದು ಆಯುಷ್ಯ ತೀರಲಿರುವ ನೀಲಾಂಜನೆಯನ್ನು. ನರ್ತನ ರಸದ ತುದಿಗೇರಿದ ಹೊತ್ತಿನಲ್ಲಿಯೇ ಅವಳ ದೇಹ ಮಿಂಚಿನಂತೆ ಮಾಯವಾಗುತ್ತದೆ. ರಸಭಂಗವಾದೀತೆಂಬ ಅಂಜಿಕೆಯಿಂದ ಇಂದ್ರನು ಕ್ಷಣಮಾತ್ರದಲ್ಲಿ ಅವಳಂತೆಯೇ ಇರುವ ಮತ್ತೊಬ್ಬ ನರ್ತಕಿಯನ್ನು ಸೃಷ್ಟಿಸಿ ಅದೇ ಜಾಗದಲ್ಲಿ ನಿಲ್ಲಿಸುತ್ತಾನೆ. ತಾಳ ತಪ್ಪುವುದಿಲ್ಲ, ಲಯ ಕೆಡುವುದಿಲ್ಲ, ಸಭೆಗೆ ಏನೂ ತಿಳಿಯುವುದಿಲ್ಲ. ಆದಿದೇವನಿಗೆ ಮಾತ್ರ ತಿಳಿಯುತ್ತದೆ. ಆ ಅರಿವೇ ಅವನನ್ನು ಸಿಂಹಾಸನದಿಂದ ಎಬ್ಬಿಸಿ ತಪೋವನದ ದಾರಿ ಹಿಡಿಸುತ್ತದೆ. ಮಥುರೆಯ ಕಂಕಾಳಿ ತಿಲಾದಲ್ಲಿ ದೊರೆತ ಪ್ರಾಚೀನ ಶಿಲಾಫಲಕವೊಂದರಲ್ಲಿ ಇದೇ ನೃತ್ಯವನ್ನು ವಿದ್ವಾಂಸರು ಗುರುತಿಸಿದ್ದಾರೆ. ಪಂಪನಿಗಿಂತ ಬಹುಪೂರ್ವದಿಂದಲೂ ಜೈನಮನಸ್ಸನ್ನು ಕಾಡಿದ ಪ್ರಸಂಗವಿದು.

ತರಗತಿಯಲ್ಲಿ ನಾವು ಸಾಮಾನ್ಯವಾಗಿ ಇದನ್ನು ದೇಹದ ನಶ್ವರತೆಯ ದೃಷ್ಟಾಂತವೆಂದು ವಿವರಿಸಿ ಮುಂದೆ ಹೋಗುತ್ತೇವೆ. ಎರಡನೆಯ ನರ್ತಕಿಯ ಬಗೆಗೆ ಹೆಚ್ಚು ಹೇಳುವುದಿಲ್ಲ. ನಾನೂ ಹೇಳುತ್ತಿರಲಿಲ್ಲ. ಎಚ್ಚರಿಸಲೆಂದೇ ಬಂದ ಇಂದ್ರನು ಎಚ್ಚರವಾಗುವ ಗಳಿಗೆ ಬಂದಾಗ ಅದನ್ನು ಮುಚ್ಚಲು ಹೊರಟದ್ದೇಕೆ? ಈ ಪ್ರಶ್ನೆ ನನ್ನ ಟಿಪ್ಪಣಿಗಳಲ್ಲಿ ಎಲ್ಲಿಯೂ ಇರಲಿಲ್ಲ.

ಇನ್ನು ನನ್ನ ಅನುಭವ. ಆ ಗಾಯಕರ ಹೆಸರನ್ನಾಗಲಿ, ಕಾರ್ಯಕ್ರಮ ಏರ್ಪಡಿಸಿದವರ ಹೆಸರನ್ನಾಗಲಿ ಇಲ್ಲಿ ಹೇಳುವುದಿಲ್ಲ. ಹೆಸರು ಹೇಳಿದರೆ ಚರ್ಚೆ ಒಬ್ಬ ವ್ಯಕ್ತಿಯ ಸುತ್ತ ಸುತ್ತಿ ಮುಗಿದುಹೋಗುತ್ತದೆ. ನಾನು ಪದವಿ ಓದುತ್ತಿದ್ದ ಕಾಲಕ್ಕೆ, ಅಂದರೆ 1990ರ ಆಸುಪಾಸಿನಲ್ಲಿ, ಅವರ ವಚನಗಳ ಮತ್ತು ದಾಸರ ಪದಗಳ ಕ್ಯಾಸೆಟ್ಟೊಂದನ್ನು ಹೊಸಪೇಟೆಯಲ್ಲಿ ಕೊಂಡಿದ್ದೆ. ಹಾಸ್ಟೆಲಿನ ಕೋಣೆಯಲ್ಲಿ ನಾಲ್ವರ ನಡುವೆ ಇದ್ದ ಒಂದೇ ಟೇಪ್ ರೆಕಾರ್ಡರಿನಲ್ಲಿ ಅದನ್ನು ಎಷ್ಟು ಬಾರಿ ಕೇಳಿದೆವೆಂಬುದಕ್ಕೆ ಲೆಕ್ಕವಿಲ್ಲ. ಸುರುಳಿ ಸಡಿಲವಾದಾಗ ಪೆನ್ಸಿಲು ತೂರಿಸಿ ಸುತ್ತಿ ಬಿಗಿ ಮಾಡುತ್ತಿದ್ದೆವು. ವಚನವೊಂದರ ಒಂದು ಮಾತಿನ ಮೇಲೆ ಎಷ್ಟು ಹೊತ್ತು ನಿಲ್ಲಬೇಕು, ಅರ್ಥ ಎಲ್ಲಿ ತಿರುಗುತ್ತದೆ ಎಂಬುದನ್ನು ನನಗೆ ಮೊದಲು ಕಲಿಸಿದ್ದು ಯಾವ ವ್ಯಾಖ್ಯಾನಗ್ರಂಥವೂ ಅಲ್ಲ, ಆ ಕಂಠ. ಮುಂದೆ ಅಧ್ಯಾಪಕನಾಗಿ ಕಾವ್ಯವಾಚನ ಮಾಡುವಾಗಲೆಲ್ಲ ನನಗರಿವಿಲ್ಲದೆಯೇ ಅವರ ನಿಲುಗಡೆಗಳನ್ನು ಅನುಸರಿಸಿದ್ದೇನೆ.

ಆ ಕ್ಯಾಸೆಟ್ಟಿನ ಎರಡನೆಯ ಮಗ್ಗುಲಿನ ಮೂರನೆಯ ಹಾಡಿನಲ್ಲಿ ಒಂದು ಸಣ್ಣ ಕೊರತೆಯಿತ್ತು. ಎರಡನೆಯ ನುಡಿ ಎತ್ತಿಕೊಳ್ಳುವ ಮೊದಲು ಅವರು ಉಸಿರೆಳೆದುಕೊಳ್ಳುವ ಸದ್ದು ಕೇಳುತ್ತಿತ್ತು. ಅದರ ಬೆನ್ನಿಗೇ ತಬಲದ ಒಂದು ಪೆಟ್ಟು ಕೂದಲೆಳೆಯಷ್ಟು ಬೇಗ ಬೀಳುತ್ತಿತ್ತು. ದೋಷವೇ ಸರಿ. ಆದರೆ ಪ್ರೀತಿಸಿದವರ ಮುಖದ ಮಚ್ಚೆಯಂತೆ ಅದೂ ನನಗೆ ಪ್ರಿಯವಾಗಿತ್ತು.

ಕೆಲವು ವರ್ಷಗಳ ಹಿಂದೆ ನಮ್ಮ ಸೀಮೆಯ ಊರೊಂದರ ಬಯಲು ವೇದಿಕೆಯಲ್ಲಿ ಅವರ ಗಾಯನವಿದೆಯೆಂದು ತಿಳಿಯಿತು. ಸಂಜೆಯ ಬಸ್ಸು ಹಿಡಿದು ಹೋಗಿ, ಎರಡು ತಾಸು ಮೊದಲೇ ಮುಂದಿನ ಸಾಲಿನಲ್ಲಿ ಕುಳಿತೆ. ಅವರನ್ನು ಇಬ್ಬರು ಹಿಡಿದು ವೇದಿಕೆ ಹತ್ತಿಸಿದರು. ವಯಸ್ಸಾಗಿತ್ತು, ಅದು ನಿರೀಕ್ಷಿತವೇ. ಮೊದಲ ಮುಕ್ಕಾಲು ತಾಸು ಅವರು ಹಾಡಿದರು. ಶ್ರುತಿಯನ್ನು ಹಿಂದಿಗಿಂತ ಎರಡು ಮನೆ ಇಳಿಸಿಕೊಂಡಿದ್ದರು. ಮಧ್ಯಸ್ಥಾಯಿಯಲ್ಲಿಯೂ ಸ್ವರ ಅಲ್ಲಲ್ಲಿ ಅದುರುತ್ತಿತ್ತು. ತಾರಷಡ್ಜದ ಹತ್ತಿರ ಬಂದಾಗ ಕಂಠ ಕೈಕೊಟ್ಟಿತು. ಹಿಂದೆ ತಂಬೂರಿ ಹಿಡಿದು ಕುಳಿತಿದ್ದ ಶಿಷ್ಯರೊಬ್ಬರು ಆ ಸ್ವರವನ್ನು ಎತ್ತಿಕೊಂಡು ನಿಲ್ಲಿಸಿದರು. ನನಗೆ ವ್ಯಥೆಯಾಯಿತು, ಆದರೆ ಆ ವ್ಯಥೆಯಲ್ಲಿ ಒಂದು ಬಗೆಯ ಸೊಗಸೂ ಇತ್ತು. ಮಾತಿನ ಮೇಲೆ ನಿಲ್ಲುವ ಅವರ ಆ ಹಳೆಯ ಕ್ರಮ ಕೆಟ್ಟಿರಲಿಲ್ಲ. ಸ್ವರ ಹೋದರೂ ಅರ್ಥ ಉಳಿದಿತ್ತು. ಒಂದೆರಡು ಕಡೆ ನನ್ನ ಕಣ್ಣು ತೇವವಾದದ್ದೂ ನಿಜ.

ಸಭೆ ಮಾತ್ರ ಸಡಿಲವಾಗತೊಡಗಿತ್ತು. ಹಿಂದಿನ ಸಾಲುಗಳಿಂದ ಆ ಜನಪ್ರಿಯ ಹಾಡಿನ ಹೆಸರು ಹಿಡಿದು ಕೂಗು ಬಂತು. ಸಂಘಟಕರಲ್ಲಿ ಯಾರೋ ವೇದಿಕೆಯ ಅಂಚಿಗೆ ಬಂದು ಏನೋ ಸನ್ನೆ ಮಾಡಿದರು. ಹಾಡು ಆರಂಭವಾಯಿತು. ಕಂಠ ಒಮ್ಮೆಲೇ ಮೂವತ್ತು ವರ್ಷ ಹಿಂದಕ್ಕೆ ಹೋಗಿತ್ತು. ನಿಖರವಾಗಿ, ತುಂಬಾಗಿ, ಎಲ್ಲಿಯೂ ನಡುಗದೆ ಏರಿತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನೂ ಅರೆಕ್ಷಣ ರೋಮಾಂಚಿತನಾದೆ. ಅಷ್ಟರಲ್ಲಿ ಎರಡನೆಯ ನುಡಿಗೆ ಮುಂಚೆ ಆ ಉಸಿರು ಕೇಳಿಸಿತು. ಅದರ ಬೆನ್ನಿಗೇ ಕೂದಲೆಳೆಯಷ್ಟು ಬೇಗ ಬಿದ್ದ ಆ ತಬಲದ ಪೆಟ್ಟು. ವೇದಿಕೆಯ ಮೇಲಿದ್ದ ತಬಲಾ ವಾದಕರ ಕೈ ಆಗಿನ್ನೂ ಗಾಳಿಯಲ್ಲಿತ್ತು.

ಅದು ನನ್ನ ಕ್ಯಾಸೆಟ್ಟು. ಅವರು ತುಟಿ ಆಡಿಸುತ್ತಿದ್ದರು.

ಹಾಡು ಮುಗಿದ ಮೇಲೆ ಪಕ್ಕದ ಹಿರಿಯರೊಬ್ಬರು ನನ್ನ ಕಡೆಗೆ ತಿರುಗಿ, “ನೋಡಿದ್ರೇನ್ರಿ ಸರ, ಕಂಠ ಹೆಂಗೈತಿ! ವಯಸ್ಸೇ ಆಗಿಲ್ಲ ನೋಡ್ರಿ ಅವರಿಗೆ” ಎಂದರು. ಅವರ ಮುಖದ ತುಂಬ ಸಂತೋಷವಿತ್ತು. ನಾನು “ಹೌದ್ರಿ” ಎಂದು ತಲೆಯಾಡಿಸಿದೆ. ಆ “ಹೌದ್ರಿ” ಇಂದಿಗೂ ನನ್ನನ್ನು ಚುಚ್ಚುತ್ತದೆ.

ಬಸ್ಸಿನಲ್ಲಿ ಬರುವಾಗ ಮೊದಲು ಹುಟ್ಟಿದ್ದು ಸಿಟ್ಟು. ಇಷ್ಟು ವಯಸ್ಸಾದ ಮೇಲೆ ವೇದಿಕೆ ಏಕೆ ಹತ್ತಬೇಕು, ಕೀರ್ತಿ ಇದ್ದಾಗಲೇ ನಿಲ್ಲಿಸಬಾರದಾಗಿತ್ತೇ ಎಂದುಕೊಂಡೆ. ನಿರಾಶೆಗೊಂಡ ಅಭಿಮಾನಿಗಳೆಲ್ಲ ಹೇಳುವ ಮಾತು ಇದೇ. ಆದರೆ ಆ ರಾತ್ರಿಯ ಅನುಭವವನ್ನೇ ಬಿಡಿಸಿ ನೋಡಿದರೆ ಈ ಮಾತು ನಿಲ್ಲುವುದಿಲ್ಲ. ಕಂಠ ನಡುಗಿದಾಗ ನಾನು ನಿರಾಶನಾಗಿರಲಿಲ್ಲ. ಕಂಠ ನಡುಗದೇ ಹೋದಾಗ ನಿರಾಶನಾದೆ. ಆದುದರಿಂದ ಮುಪ್ಪಿನ ಮೇಲೆ ದೋಷವನ್ನು ಹೊರಿಸುವುದು ಸರಿಯಲ್ಲ.

ನಮ್ಮ ನಾಡಿನ ಸಂಗೀತ ಚರಿತ್ರೆಯೂ ಈ ಮಾತಿಗೆ ಸಾಕ್ಷಿ. ಗಂಗೂಬಾಯಿ ಹಾನಗಲ್ಲರ 1930ರ ದಶಕದ ಗ್ರಾಮಫೋನ್ ಮುದ್ರಿಕೆಗಳು ‘ಗಾಂಧಾರಿ ಹಾನಗಲ್’ ಎಂಬ ಹೆಸರಿನಲ್ಲಿ ಹೊರಬಂದವು. ಅವುಗಳಲ್ಲಿ ಕೇಳುವುದು ತೆಳುವಾದ, ಎತ್ತರದ ಹೆಣ್ಣುದನಿ. ಗಂಟಲಿನ ಚಿಕಿತ್ಸೆಯ ನಂತರ ಆ ದನಿ ಹೋಯಿತು. ಗಂಡುದನಿಯೇ ಎಂದು ಭ್ರಮೆ ಹುಟ್ಟಿಸುವ ಘನವಾದ ಕಂಠವೊಂದು ಬಂತು. ಮೊದಲಿನ ಮುದ್ರಿಕೆಗಳನ್ನು ಮೆಚ್ಚಿದ್ದ ಅಂದಿನ ಅಭಿಮಾನಿಯೊಬ್ಬ ಅವರ ನಂತರದ ಕಛೇರಿಗೆ ಹೋಗಿದ್ದರೆ ನನ್ನಂತೆಯೇ ಕಂಗೆಟ್ಟು ಬರುತ್ತಿದ್ದನೇನೋ. ಇಂದು ನಾವು ಗಂಗೂಬಾಯಿ ಎಂದರೆ ನೆನೆಯುವುದು ಆ ಎರಡನೆಯ ದನಿಯನ್ನೇ. ಕಳೆದುಹೋದ ದನಿಯನ್ನು ಅನುಕರಿಸಲು ಅವರು ಹೋಗಲಿಲ್ಲ. ಉಳಿದ ದನಿಯಿಂದ ಕಿರಾಣಾ ಘರಾಣೆಯ ಗಾಯನವನ್ನು ಮತ್ತೆ ಕಟ್ಟಿದರು. ದಶಕಗಳ ಕಾಲ ಮಗಳು ಕೃಷ್ಣಾ ಹಾನಗಲ್ ಪಕ್ಕದಲ್ಲಿ ಕುಳಿತು ದನಿಗೂಡಿಸಿದರು. ಅಲ್ಲಿ ಮುಚ್ಚುಮರೆಯಿರಲಿಲ್ಲ. ತಾಯಿ ಎಲ್ಲಿ ನಿಲ್ಲಿಸಿದರು, ಮಗಳು ಎಲ್ಲಿ ಎತ್ತಿಕೊಂಡರು ಎಂಬುದು ಸಭೆಗೆ ಕೇಳುತ್ತಿತ್ತು. 1913ರಲ್ಲಿ ಹುಟ್ಟಿದ ಅವರು 2006ರಲ್ಲಿ, ತೊಂಬತ್ತು ದಾಟಿದ ಮೇಲೆ, ಕೊನೆಯ ಸಾರ್ವಜನಿಕ ಕಛೇರಿ ಮಾಡಿದರು.

ಕುಮಾರ ಗಂಧರ್ವರದು ಇನ್ನೊಂದು ಬಗೆ. 1924ರಲ್ಲಿ ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ ಹುಟ್ಟಿದ ಈ ಬಾಲಪ್ರತಿಭೆಗೆ ಯೌವನದಲ್ಲಿಯೇ ಕ್ಷಯ ತಗುಲಿತು. ವರ್ಷಗಟ್ಟಲೆ ಹಾಡುವಂತಿರಲಿಲ್ಲ. 1950ರ ದಶಕದ ಆರಂಭದಲ್ಲಿ ಅವರು ದೇವಾಸದಿಂದ ಮತ್ತೆ ವೇದಿಕೆಗೆ ಬಂದಾಗ ಒಂದು ಶ್ವಾಸಕೋಶ ನಿರುಪಯುಕ್ತವಾಗಿತ್ತು. ದೀರ್ಘವಾದ ಉಸಿರು ಇನ್ನಿಲ್ಲವೆಂಬುದನ್ನು ಅವರು ಅಡಗಿಸಲಿಲ್ಲ. ಚಿಕ್ಕ ಚಿಕ್ಕ ಸ್ವರಗುಚ್ಛಗಳಿಂದಲೂ ಅವುಗಳ ನಡುವಿನ ಮೌನದಿಂದಲೂ ಹೊಸ ಶೈಲಿಯೊಂದನ್ನು ರೂಪಿಸಿದರು. ಅವರ ನಿರ್ಗುಣ ಭಜನೆಗಳನ್ನು ಕೇಳಿದವರಿಗೆ ಆ ಮೌನದ ತೂಕ ಗೊತ್ತು. ಇನ್ನು 1910ರಲ್ಲಿ ಜನಿಸಿದ ಮಲ್ಲಿಕಾರ್ಜುನ ಮನ್ಸೂರರಿಗೆ ಅಖಿಲ ಭಾರತ ಮಟ್ಟದ ಮನ್ನಣೆ ಬಹುಮಟ್ಟಿಗೆ ದೊರೆತದ್ದೇ ಅರವತ್ತರ ನಂತರ. 1992ರಲ್ಲಿ ತೀರಿಕೊಳ್ಳುವವರೆಗೂ ಅವರ ವಿಷಯದಲ್ಲಿ ‘ಒಂದು ಕಾಲದ ಮಹಾಗಾಯಕ’ ಎಂಬ ಮಾತನ್ನು ಯಾರೂ ಆಡಲಿಲ್ಲ.

ಮುಪ್ಪಿನಿಂದಾಗಿ ಕಂಠದಲ್ಲಿ ಆಗುವ ವ್ಯತ್ಯಾಸಗಳು ದೇಹಧರ್ಮ. ಧ್ವನಿತಂತುಗಳು ತಮ್ಮ ಸ್ಥಿತಿಸ್ಥಾಪಕತೆಯನ್ನು ಕಳೆದುಕೊಳ್ಳುತ್ತವೆ, ಎದೆಯಲ್ಲಿ ಉಸಿರು ಹಿಡಿಯುವ ಶಕ್ತಿ ಕುಗ್ಗುತ್ತದೆ, ಸ್ವರವನ್ನು ಕದಲದಂತೆ ನಿಲ್ಲಿಸುವ ಸ್ನಾಯುಗಳು ಸೋಲುತ್ತವೆ. ಇದನ್ನು ಒಪ್ಪಿ ಹಾಡುವ ಕಲಾವಿದ ನಮ್ಮಿಂದ ಕೇಳುವುದು ಬೇರೆ ಬಗೆಯ ಕಿವಿಯನ್ನು. ಆ ಕಿವಿ ನಮ್ಮಲ್ಲಿದೆಯೇ? ಪ್ರಶ್ನೆ ಇಲ್ಲಿಂದ ನಮ್ಮ ಕಡೆಗೆ ತಿರುಗುತ್ತದೆ.

ಜೈನದರ್ಶನದ ಪರಿಭಾಷೆಯಲ್ಲಿ ಇದನ್ನು ಹೆಚ್ಚು ಸ್ಪಷ್ಟವಾಗಿ ಹೇಳಬಹುದು. ಉತ್ಪಾದ, ವ್ಯಯ, ಧ್ರೌವ್ಯ ಈ ಮೂರೂ ಕೂಡಿದುದೇ ಸತ್ ಎನ್ನುತ್ತದೆ ಉಮಾಸ್ವಾಮಿಗಳ ‘ತತ್ತ್ವಾರ್ಥಸೂತ್ರ’. ದ್ರವ್ಯ ಉಳಿಯುತ್ತದೆ, ಅದರ ಪರ್ಯಾಯಗಳು ಹುಟ್ಟಿ ಅಳಿಯುತ್ತಿರುತ್ತವೆ. ನಾನು ಮೂವತ್ತು ವರ್ಷ ಪ್ರೀತಿಸಿದ್ದು ಒಬ್ಬ ಗಾಯಕರನ್ನೆಂದು ಭಾವಿಸಿದ್ದೆ. ವಾಸ್ತವವಾಗಿ ಪ್ರೀತಿಸಿದ್ದು ಅವರ ಬದುಕಿನ ಯಾವುದೋ ಒಂದು ಮಧ್ಯಾಹ್ನ ಧ್ವನಿಮುದ್ರಣ ಕೊಠಡಿಯಲ್ಲಿ ಸೆರೆಯಾದ ಒಂದು ಪರ್ಯಾಯವನ್ನು. ಕಾಂತೀಯ ಸುರುಳಿ ಆ ಪರ್ಯಾಯಕ್ಕೆ ದ್ರವ್ಯದ ಸ್ಥಾನವನ್ನು ಕೊಟ್ಟುಬಿಟ್ಟಿತು. ಯಂತ್ರ ಬರುವ ಮೊದಲು ಕೇಳುಗನ ನೆನಪೂ ಗಾಯಕನ ಕಂಠದೊಂದಿಗೇ ಮಾಸುತ್ತಿತ್ತು, ಒಂದನ್ನೊಂದು ಕ್ಷಮಿಸುತ್ತಿತ್ತು. ಈಗ ಕೇಳುಗನ ಕೈಯಲ್ಲಿ ಮಾಸದ ಅಳತೆಗೋಲಿದೆ. ಗಾಯಕರು ವೇದಿಕೆಯ ಮೇಲೆ ಸ್ಪರ್ಧಿಸಬೇಕಾದದ್ದು ತಮ್ಮದೇ ಯೌವನದೊಂದಿಗೆ. ಆ ಸ್ಪರ್ಧೆಯಲ್ಲಿ ಗೆಲ್ಲುವ ಏಕೈಕ ಉಪಾಯ ಯೌವನವನ್ನೇ ತನ್ನ ಬದಲಿಗೆ ಹಾಡಿಸುವುದು. ಆ ರಾತ್ರಿ ನಡೆದದ್ದು ಇಷ್ಟೇ.

ಹಾಗಾದರೆ ಅಲ್ಲಿ ಇಂದ್ರನ ಪಾತ್ರ ವಹಿಸಿದವರಾರು? ಸಂಘಟಕರು ಎಂದು ಬೊಟ್ಟು ಮಾಡುವುದು ಸುಲಭ. ಅವರಿಗೆ ಬ್ಯಾನರಿನ ಮೇಲೆ ದೊಡ್ಡ ಹೆಸರು ಬೇಕು, ತುಂಬಿದ ಸಭೆ ಬೇಕು, ಸಭೆ ಎದ್ದುಹೋಗಬಾರದು. ರಸಭಂಗದ ಭಯ ಅವರದು. ಆದರೆ ಆ ಭಯವನ್ನು ಹುಟ್ಟಿಸಿದವರು ಹಿಂದಿನ ಸಾಲಿನಿಂದ ಕೂಗಿದವರು. ಅವರು ಕೇಳಿದ್ದೂ ನಾನು ಮನಸ್ಸಿನಲ್ಲಿ ಹಿಡಿದುಕೊಂಡು ಹೋಗಿದ್ದ ಹಾಡನ್ನೇ. ಮುಂದಿನ ಸಾಲಿನಲ್ಲಿ ಕುಳಿತಿದ್ದ ನಾನು ಕೂಗಲಿಲ್ಲ ಎಂಬುದಷ್ಟೇ ವ್ಯತ್ಯಾಸ. ಇನ್ನು ಗಾಯಕರ ಪರವಾಗಿ ಹೇಳಬೇಕಾದ ಮಾತೂ ಇದೆ. ಜೀವನವಿಡೀ ಹಾಡಿದವರಿಗೆ ನಿವೃತ್ತಿವೇತನವಿಲ್ಲ. ಸರ್ಕಾರ ಕೊಡುವ ಕಲಾವಿದರ ಮಾಸಾಶನದಿಂದ ಔಷಧದ ಖರ್ಚು ತೂಗಿಸುವುದೂ ಕಷ್ಟ. ವರ್ಷಕ್ಕೆ ಬರುವ ನಾಲ್ಕಾರು ಕರೆಗಳನ್ನು ಒಲ್ಲೆನೆನ್ನುವ ಸ್ವಾತಂತ್ರ್ಯ ಎಷ್ಟು ಜನರಿಗಿದೆ? ತಿಂಗಳಿಗೊಮ್ಮೆ ಸಂಬಳ ಎಣಿಸುವ ನನ್ನಂಥ ಅಧ್ಯಾಪಕನು ಅವರಿಗೆ ತ್ಯಾಗದ ಪಾಠ ಹೇಳುವುದು ಶೋಭಿಸುವುದಿಲ್ಲ.

ಆದರೂ ಎಲ್ಲವನ್ನೂ ಹೀಗೆ ಹಂಚಿಹಾಕಿ ನಿರಾಶೆಯನ್ನು ಕರಗಿಸಿಬಿಡುವುದು ನನಗೆ ಒಪ್ಪಿಗೆಯಿಲ್ಲ. “ಈ ವಯಸ್ಸಿನಲ್ಲಿ ಬಂದು ಕುಳಿತದ್ದೇ ನಮ್ಮ ಭಾಗ್ಯ” ಎನ್ನುವವರ ಮಾತಿನಲ್ಲಿ ಗೌರವಕ್ಕಿಂತ ಅನುಕಂಪ ಹೆಚ್ಚು. ಕಲಾವಿದನನ್ನು ವಿಗ್ರಹವಾಗಿಸಿ ಕುಳ್ಳಿರಿಸಿದರೆ ಅವನ ಹಾಡನ್ನು ಕೇಳುವ ಅಗತ್ಯವೇ ಉಳಿಯುವುದಿಲ್ಲ. ಸೋತ ಕಂಠದಲ್ಲಿ ಅವರು ಹಾಡಿದ ಮುಕ್ಕಾಲು ತಾಸು ಅಂದಿನ ನಿಜವಾದ ಕಛೇರಿಯಾಗಿತ್ತು. ಸಭೆ ಅದನ್ನು ಕೇಳಿಸಿಕೊಳ್ಳಲಿಲ್ಲ. ನಕಲಿಗೆ ಬಿದ್ದ ಚಪ್ಪಾಳೆಯಿಂದ ಆ ಮುಕ್ಕಾಲು ತಾಸು ಅಳಿಸಿಹೋಯಿತು. ನನ್ನ ದೂರು ಇದು. ಅವರಿಂದ ನನಗೆ ಮೋಸವಾಯಿತು ಎಂಬುದಕ್ಕಿಂತ, ಅವರ ಮುಪ್ಪಿನ ಹಾಡಿಗೆ ನಾವೆಲ್ಲ ಸೇರಿ ಅನ್ಯಾಯ ಮಾಡಿದೆವು ಎಂಬುದು ಹೆಚ್ಚು ನಿಜ.

ಮರುದಿನ ಬೆಳಿಗ್ಗೆ ಎಂದಿನಂತೆ ಕಂಪ್ಲಿ ರಸ್ತೆಯ ಗಾಣಗಿತ್ತಿ ಜಿನಾಲಯದ ಕಡೆಗೆ ನಡೆದುಹೋದೆ. ಎರಡನೆಯ ಹರಿಹರನ ದಂಡನಾಯಕನಾಗಿದ್ದ ಇರುಗನು 1385ರಲ್ಲಿ ಕುಂಥು ಜಿನನಾಥನಿಗಾಗಿ ಕಟ್ಟಿಸಿದ ಬಸದಿಯಿದು. ಮುಂದಿರುವ ದೀಪಸ್ತಂಭದ ಮೇಲಿನ ಶಾಸನ ಅದನ್ನು ಹೇಳುತ್ತದೆ. ಇಂದು ಅಲ್ಲಿ ಪೂಜೆಯಿಲ್ಲ, ಸ್ತಂಭದ ಮೇಲೆ ದೀಪವಿಲ್ಲ. ಇದೆ ಎಂದು ನಟಿಸುವುದೂ ಇಲ್ಲ. ಹಂಪಿಯ ಸ್ಮಾರಕಗಳಲ್ಲಿ ಓಡಾಡಿದವರು ಒಂದು ಸಂಗತಿಯನ್ನು ಗಮನಿಸಿರಬಹುದು. ಬಿರುಕುಬಿಟ್ಟ ತೊಲೆಯ ಕೆಳಗೆ ಆಸರೆಯಾಗಿ ನಿಲ್ಲಿಸಿದ ಹೊಸ ಕಲ್ಲುಗಳು ಅಲ್ಲಲ್ಲಿ ಕಾಣುತ್ತವೆ. ಅವುಗಳ ಮೇಲೆ ಕೆತ್ತನೆಯಿಲ್ಲ. ನೋಡಿದ ಕೂಡಲೇ ಹೊಸದೆಂದು ತಿಳಿಯುತ್ತದೆ. ಅದು ಶಿಲ್ಪಿಯ ಕೊರತೆಯಿಂದಾದುದಲ್ಲ. ಕಳೆದುಹೋದ ಭಾಗದ ಜಾಗದಲ್ಲಿ ಹೊಸದನ್ನು ಸೇರಿಸುವಾಗ ಅದು ಒಟ್ಟು ಕಟ್ಟಡದೊಂದಿಗೆ ಹೊಂದಿಕೊಳ್ಳಬೇಕು, ಆದರೆ ಮೂಲದಿಂದ ಬೇರೆಯೆಂದು ಗುರುತು ಸಿಗುವಂತಿರಬೇಕು ಎಂಬುದು 1964ರ ವೆನಿಸ್ ಸನ್ನದು ವಿಧಿಸಿದ ಸಂರಕ್ಷಣಾ ನಿಯಮ. ಹಾಗೆ ಮಾಡದಿದ್ದರೆ ಚರಿತ್ರೆಯೇ ಸುಳ್ಳಾಗುತ್ತದೆ. ವಿಠ್ಠಲ ದೇವಾಲಯದ ಸಂಗೀತಸ್ತಂಭಗಳನ್ನೂ ನೆನೆಯಬಹುದು. ಬಂದವರೆಲ್ಲ ತಟ್ಟಿ ತಟ್ಟಿ ಪರೀಕ್ಷಿಸಿ ಅವು ಘಾಸಿಗೊಂಡವು, ಈಗ ತಟ್ಟುವಂತಿಲ್ಲ. ಅವು ನುಡಿಯಲಿಲ್ಲವೆಂದು ಯಾರೂ ಮುನಿಸಿಕೊಂಡು ಹಿಂದಿರುಗುವುದಿಲ್ಲ. ಕಲ್ಲಿನ ವಿಷಯದಲ್ಲಿ ನಾವು ಕಲಿತ ವಿವೇಕ ಮನುಷ್ಯಕಂಠದ ವಿಷಯದಲ್ಲಿ ಏಕೆ ಸಾಧ್ಯವಾಗಬಾರದು?

ಆ ರಾತ್ರಿ ತಾರಷಡ್ಜವನ್ನು ಎತ್ತಿಕೊಂಡ ಶಿಷ್ಯರು ಅಂಥ ಒಂದು ಆಸರೆಯ ಕಲ್ಲು. ಗುರುವಿನ ಕಂಠವೆಲ್ಲಿ ಮುಗಿಯಿತು, ತಮ್ಮದೆಲ್ಲಿ ಆರಂಭವಾಯಿತು ಎಂಬುದನ್ನು ಅವರು ಮರೆಮಾಡಲಿಲ್ಲ. ನಮ್ಮ ಗುರುಶಿಷ್ಯ ಪದ್ಧತಿಯ ತಿರುಳೇ ಇದು. ಕುಂದಗೋಳದ ಸವಾಯಿ ಗಂಧರ್ವರು ಪಾರ್ಶ್ವವಾಯುವಿನಿಂದ ವೇದಿಕೆಯಿಂದ ದೂರವಾದ ಮೇಲೆ ಅವರ ಸಂಗೀತ ಕೇಳಿಸಿದ್ದು ಗಂಗೂಬಾಯಿಯವರಲ್ಲಿ, ಭೀಮಸೇನ ಜೋಶಿಯವರಲ್ಲಿ. ಗುರುಗಳು 1952ರಲ್ಲಿ ತೀರಿಕೊಂಡ ಮೇಲೆ ಜೋಶಿಯವರು ಪುಣೆಯಲ್ಲಿ ಅವರ ಹೆಸರಿನ ಸಂಗೀತೋತ್ಸವವನ್ನು ಆರಂಭಿಸಿದರು. ಅಲ್ಲಿಯೂ ಒಂದು ದೇಹ ಹೋಗಿ ಇನ್ನೊಂದು ದೇಹ ಅದೇ ಜಾಗದಲ್ಲಿ ನಿಂತಿದೆ. ಆದರೆ ಬದಲಾವಣೆ ಬೆಳಕಿನಲ್ಲಿ ನಡೆದಿದೆ. ಬೆಳಕಿನಲ್ಲಿ ನಡೆದುದಕ್ಕೆ ಪರಂಪರೆಯೆಂದು ಹೆಸರು. ಕತ್ತಲಲ್ಲಿ ನಡೆದುದು ಇಂದ್ರಜಾಲ. ಇಂದ್ರಜಾಲವೆಂಬ ಮಾತಿನಲ್ಲಿಯೇ ಇಂದ್ರನಿದ್ದಾನೆ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಈಗ ನನ್ನ ಆ “ಹೌದ್ರಿ”ಗೆ ಬರುತ್ತೇನೆ. ತನ್ನ ದೋಷ ತನಗೆ ಕಾಣದು, ಕಣ್ಣು ತನ್ನ ಕಾಡಿಗೆಯನ್ನು ತಾನು ಕಾಣದಂತೆ. ಆದುದರಿಂದ ಕವಿಯಾದವನು ತನ್ನ ಕಾವ್ಯವನ್ನು ಇತರರಿಂದ ಪರಿಶೀಲಿಸಿಕೊಳ್ಳಬೇಕು ಎಂಬರ್ಥದ ಮಾತು ‘ಕವಿರಾಜಮಾರ್ಗ’ದಲ್ಲಿ ಬರುತ್ತದೆ. ಒಂಬತ್ತನೆಯ ಶತಮಾನದ ಈ ವಿವೇಕ ಗಾಯಕರಿಗೂ ಅನ್ವಯಿಸುತ್ತದೆ. ಸುತ್ತಲಿನವರು ಸುಳ್ಳು ಚಪ್ಪಾಳೆ ತಟ್ಟಿದರೆ ಅವರಿಗೆ ತಮ್ಮ ಕಂಠದ ಸ್ಥಿತಿ ತಿಳಿಯುವುದು ಹೇಗೆ? ಸಹೃದಯನೆಂಬವನು ಮೆಚ್ಚುವವನು ಮಾತ್ರವಲ್ಲ, ಗುರುತಿಸುವವನು. ಆದಿದೇವನು ಆ ಸಭೆಯ ಏಕೈಕ ಸಹೃದಯನೆಂದು ನಾನು ಈಗ ಹೇಳುತ್ತೇನೆ. ಅವನು ನೀಲಾಂಜನೆಯ ನರ್ತನವನ್ನು ನಿಜವಾಗಿ ನೋಡುತ್ತಿದ್ದುದರಿಂದಲೇ ಅವಳಿಲ್ಲದ್ದು ಅವನಿಗೆ ತಿಳಿಯಿತು. ಉಳಿದವರು ನೃತ್ಯವನ್ನು ನೋಡುತ್ತಿದ್ದರು, ನರ್ತಕಿಯನ್ನಲ್ಲ. ಅವನ ಅರಿವು ಇಂದ್ರನ ಮೇಲಿನ ದೂರಾಗಿ ನಿಲ್ಲಲಿಲ್ಲ. ತನ್ನ ಕಡೆಗೇ ತಿರುಗಿತು. ನನ್ನ ನಿರಾಶೆ ಅಷ್ಟು ದೂರ ಹೋಗಲು ಬಹಳ ದಿನ ಹಿಡಿಯಿತು.

ತಿರುಗಿದಾಗ ಕಂಡದ್ದು ನನ್ನ ತರಗತಿ. ‘ಆದಿಪುರಾಣ’ದ ಮೇಲಿನ ನನ್ನ ಟಿಪ್ಪಣಿಗಳ ಹಾಳೆಗಳು ಹಳದಿಯಾಗಿವೆ. ಮೊದಲ ವರ್ಷಗಳಲ್ಲಿ ಪಂಪನನ್ನು ಪಾಠ ಮಾಡುವಾಗ ನನ್ನ ದನಿ ನಡುಗುತ್ತಿತ್ತು. ಏನು ಹೇಳಬೇಕೆಂಬುದು ಬಾಯಿ ತೆರೆಯುವವರೆಗೂ ಗೊತ್ತಿರುತ್ತಿರಲಿಲ್ಲ. ಈಗ ಅದೇ ವಿವರಣೆ, ಅದೇ ಹಾಸ್ಯ, ಅದೇ ಜಾಗದಲ್ಲಿ ವಿದ್ಯಾರ್ಥಿಗಳ ಅದೇ ನಗು. ಎಷ್ಟೋ ವರ್ಷಗಳಿಂದ ತರಗತಿಯಲ್ಲಿ ನಾನೂ ತುಟಿ ಆಡಿಸುತ್ತಿದ್ದೇನೆ. ಮಾತನಾಡುತ್ತಿರುವವನು ಮೂವತ್ತರ ಹರೆಯದ ಒಬ್ಬ ಅಧ್ಯಾಪಕ. ಗಾಯಕರಿಗೆ ಮುಪ್ಪಿನ ನೆಪವಾದರೂ ಇತ್ತು. ವಿಚಾರಗೋಷ್ಠಿಗಳಲ್ಲಿ ಹತ್ತು ವರ್ಷ ಹಿಂದಿನ ಪ್ರಬಂಧವನ್ನೇ ಶೀರ್ಷಿಕೆ ಬದಲಿಸಿ ಓದುವ ನಮ್ಮ ವಿದ್ವತ್ ವಲಯಕ್ಕೆ ಯಾವ ನೆಪವಿದೆ? ಅಲ್ಲಿಯೂ ಚಪ್ಪಾಳೆ ಬೀಳುತ್ತದೆ, ಅಲ್ಲಿಯೂ ಪಕ್ಕದವರಿಗೆ ನಾವು “ಹೌದ್ರಿ” ಎನ್ನುತ್ತೇವೆ.

ಹಿರಿಯ ಕಲಾವಿದರನ್ನು ಕರೆಯಬಾರದೆಂದು ನಾನು ಹೇಳುತ್ತಿಲ್ಲ. ಅವಶ್ಯ ಕರೆಯಬೇಕು. ಸಾವಿರಾರು ಜನರ ಬಯಲಿನ ಬದಲು ಇನ್ನೂರು ಜನ ಕೂರುವ ಸಭಾಂಗಣದಲ್ಲಿ, ಅವರಿಗೆ ಒಗ್ಗುವ ಶ್ರುತಿಯಲ್ಲಿ, ಶಿಷ್ಯರ ಹೆಸರನ್ನೂ ಆಮಂತ್ರಣದಲ್ಲಿ ಅಚ್ಚು ಹಾಕಿಸಿ, ಅದೇ ಸಂಭಾವನೆ ಕೊಟ್ಟು ಕೂರಿಸಬೇಕು. ಹಾಡಲಾಗದಿದ್ದಾಗ ಆ ಹಾಡು ಹುಟ್ಟಿದ ಬಗೆಯನ್ನು ಅವರ ಬಾಯಿಂದ ಕೇಳಬೇಕು. ಹಳೆಯ ಮುದ್ರಿಕೆಯನ್ನು ಕೇಳಿಸುವುದಾದರೆ ಇದು ಹಳೆಯ ಮುದ್ರಿಕೆಯೆಂದು ಹೇಳಿ ಕೇಳಿಸಬೇಕು. ಅವರೂ ನಮ್ಮೊಡನೆ ಕುಳಿತು ತಮ್ಮ ಯೌವನವನ್ನು ಕೇಳಲಿ. ಅದಕ್ಕಿಂತ ದೊಡ್ಡ ರಸಾನುಭವ ಮತ್ತೇನಿದ್ದೀತು?

ಆ ವರ್ಷ ನೀಲಾಂಜನೆಯ ಪ್ರಸಂಗವನ್ನು ಟಿಪ್ಪಣಿಯಿಲ್ಲದೆ ಪಾಠ ಮಾಡಿದೆ. ತೊದಲಿದೆ, ಒಂದೆರಡು ಕಡೆ ಮಾತು ತಪ್ಪಿತು. ಕೊನೆಯಲ್ಲಿ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, “ಸರ್, ಆ ಎರಡನೆಯವಳಿಗೆ ಹೆಸರೇ ಇಲ್ಲಲ್ಲ ಸರ್. ತಾನು ಬೇರೆಯವಳ ಜಾಗದಾಗ ಕುಣಿಯಾಕತ್ತೀನಿ ಅಂತ ಅವಳಿಗೆ ಗೊತ್ತಿತ್ತೇನು?” ಎಂದು ಕೇಳಿದಳು.

ನನ್ನಲ್ಲಿ ಉತ್ತರವಿರಲಿಲ್ಲ. ಗುರುವಿನ ಹಿಂದೆ ತಂಬೂರಿ ಹಿಡಿದು ಕುಳಿತು ಆ ಒಂದು ಸ್ವರವನ್ನು ನಿಲ್ಲಿಸಿದ್ದ ಶಿಷ್ಯರ ನೆನಪಾಯಿತು. ಕ್ಯಾಸೆಟ್ಟು ಮೊಳಗುತ್ತಿದ್ದಷ್ಟು ಹೊತ್ತೂ ಅವರು ತಲೆ ತಗ್ಗಿಸಿಕೊಂಡೇ ಕುಳಿತಿದ್ದರು. ಅವ​ರ ಹೆಸರನ್ನು ಅಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.